ಹೊಗೆಗೆ ಸಾಯದ ಸೊಳ್ಳೆ: ಲ್ಯಾಬ್ ಪರೀಕ್ಷೆ ಹೇಗೆ?

"ಹೊಗಿ ಹೊಡದ್ರೂ ಗುಂಗಾಡ ಸಾಯವಲ್ಲವು" ಎಂಬ ದೂರು ಬೆಳಗಾವಿ ಬಳಿಯ ಸಾಂಬ್ರಾದಲ್ಲಿ ಕೇಳಿಬಂದರೆ ಅದಕ್ಕೆ ಮೂರು ಕಾರಣಗಳಿರಬಹುದು. ಮದ್ದನ್ನು ಸರಿಯಾಗಿ ಬೆರೆಸಿಲ್ಲ. ಹೊಗೆ ಬೀದಿಯಲ್ಲೇ ಕರಗಿ, ಮನೆಯೊಳಗೆ ಕೂತ, ಡೆಂಗಿ ಹರಡುವ ಈಡಿಸ್ ಸೊಳ್ಳೆಯನ್ನು ಮುಟ್ಟಿಲ್ಲ. ಇಲ್ಲವೇ ಸೊಳ್ಳೆಗೇ ಆ ಮದ್ದು ತಟ್ಟದಂತಾಗಿದೆ. ಮೊದಲೆರಡಕ್ಕೆ ಕೆಲಸ ತಿದ್ದಿಕೊಂಡರೆ ಸಾಕು, ಮೂರನೆಯದಾದರೆ ಮದ್ದನ್ನೇ ಬದಲಿಸಬೇಕು. ಕಾರಣ ಯಾವುದೆಂದು ಕಣ್ಣಳತೆಯಲ್ಲಿ ಗೊತ್ತಾಗದು.

ಈ ಮೂರನೆಯ ಕಾರಣ ಹೊಸದೇನಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರದ ನೆರೆಯ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ತಂಡ ಮನೆಗಳ ಗೋಡೆಗೆ ಡಿಡಿಟಿ ಹೊಡೆಸಿ ಮಲೇರಿಯಾ ತಗ್ಗಿಸಿತ್ತು. 1959ರ ಹೊತ್ತಿಗೆ ಇಂದಿನ ಗುಜರಾತಿನಿಂದ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆ ಡಿಡಿಟಿಗೆ ಬಗ್ಗುತ್ತಿಲ್ಲವೆಂಬ ವರದಿ ಬಂತು. ತಡೆಯುವ ಗುಣ ಹುಟ್ಟಿನಿಂದಲೇ ಇದ್ದ ಕೆಲವು ಸೊಳ್ಳೆಗಳು ಪ್ರತಿ ಸಲವೂ ಬದುಕುಳಿದು, ಕೊನೆಗೆ ಅವುಗಳ ಸಂತತಿಯೇ ಹೆಚ್ಚಾಗುತ್ತದೆ.

ಸೊಳ್ಳೆ ಸಂಗ್ರಹ

ಊರಿನಲ್ಲಾದರೆ ಬ್ಯಾರೆಲ್, ಸಿಮೆಂಟ್ ತೊಟ್ಟಿ, ಹಳೇ ಟಯರುಗಳಿಂದ ಈಡಿಸ್ ಲಾರ್ವಾ ತರಬೇಕು. ಖಾನಾಪುರದ ಕಾಡಂಚಿನಲ್ಲಾದರೆ ಹಳ್ಳಗಳಿಂದ ಅನಾಫಿಲಿಸ್ ಲಾರ್ವಾ. ಒಂದೇ ಬ್ಯಾರೆಲ್ಲಿನವು ಒಂದೇ ತಾಯಿಯ ಮರಿಗಳಾಗಿರಬಹುದು, ಹಾಗಾಗಿ ಹಲವು ಕಡೆಗಳಿಂದ ಆರಿಸುತ್ತಾರೆ. ಅವನ್ನು ಲ್ಯಾಬಿನಲ್ಲಿ ಸಾಕಿ, ರಕ್ತ ಕುಡಿಯದ, 3ರಿಂದ 5 ದಿನ ವಯಸ್ಸಿನ ಹೆಣ್ಣು ಸೊಳ್ಳೆಗಳನ್ನು ಬೇರ್ಪಡಿಸುತ್ತಾರೆ. ವಯಸ್ಸಾದ ಸೊಳ್ಳೆ ಬೇಗ ಸಾಯುತ್ತದೆ, ರಕ್ತ ಕುಡಿದದ್ದು ಹೆಚ್ಚು ತಾಳುತ್ತದೆ. ಎರಡೂ ಲೆಕ್ಕ ಕೆಡಿಸುತ್ತವೆ.

ಒಂದು ಗಂಟೆ, ಒಂದು ದಿನ

ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ ಪ್ಲಾಸ್ಟಿಕ್ ಕೊಳವೆಯ ಒಳಗೆ ಮದ್ದು ಸವರಿದ ಕಾಗದ ಸುತ್ತಿರುತ್ತಾರೆ. ಮದ್ದಿನ ಕೊಳವೆಗೆ ಕೆಂಪು ಚುಕ್ಕೆಯ ಗುರುತು, ವಿಶ್ರಾಂತಿಯ ಕೊಳವೆಗೆ ಹಸಿರು. ಅನಾಫಿಲಿಸ್‌ಗೆ ಡಿಡಿಟಿ ಕಾಗದ ಶೇ. 4, ಮಲಾಥಿಯಾನ್ ಶೇ. 5, ಡೆಲ್ಟಾಮೆಥ್ರಿನ್ ಶೇ. 0.05. ಕೊಳವೆಗೆ 20–25ರಂತೆ ನಾಲ್ಕು ಕೊಳವೆಗಳಲ್ಲಿ ಸೊಳ್ಳೆ ಬಿಡುತ್ತಾರೆ. ಇನ್ನೆರಡರಲ್ಲಿ ಮದ್ದಿಲ್ಲದ ಕಾಗದ. ಒಂದು ಗಂಟೆಯ ನಂತರ ಎಲ್ಲವನ್ನೂ ಹಸಿರು ಚುಕ್ಕೆಯ ಕೊಳವೆಗೆ ದಾಟಿಸಿ, ಸಕ್ಕರೆ ನೀರಿನ ಹತ್ತಿಯಿಟ್ಟು, ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಬಿಡುತ್ತಾರೆ. ಆಮೇಲೆ ಎಣಿಕೆ. ಕಾಲುಗಳು ಉದುರಿದ್ದರೂ ಹಾರಬಲ್ಲ ಸೊಳ್ಳೆ ಬದುಕಿದ ಲೆಕ್ಕಕ್ಕೇ ಸೇರುತ್ತದೆ.

ಮದ್ದಿಲ್ಲದ ಕೊಳವೆಯಲ್ಲೂ ಶೇ. 20ಕ್ಕಿಂತ ಹೆಚ್ಚು ಸತ್ತರೆ ಪರೀಕ್ಷೆಯೇ ರದ್ದು. ಕಡಿಮೆಯಿದ್ದರೆ ಆ ಸಾವನ್ನು ಕಳೆದು ಲೆಕ್ಕ ಸರಿಪಡಿಸುತ್ತಾರೆ. ಉದಾಹರಣೆಗೆ, ಮದ್ದಿನಲ್ಲಿ ಶೇ. 82, ಮದ್ದಿಲ್ಲದೆ ಶೇ. 10 ಸತ್ತಿದ್ದರೆ, 82ರಲ್ಲಿ 10 ಕಳೆದು, ಉಳಿದ 72ನ್ನು 90ರಿಂದ ಭಾಗಿಸಿ ನೂರರಿಂದ ಗುಣಿಸಬೇಕು: ನಿಜವಾದ ಸಾವು ಶೇ. 80.

ಫಲಿತಾಂಶ ಓದುವುದು

ಶೇ. 98 ಅಥವಾ ಹೆಚ್ಚು ಸತ್ತರೆ ಮದ್ದು ಕೆಲಸ ಮಾಡುತ್ತಿದೆ. ದೂರಿಗೆ ಕಾರಣ ಹೊಡೆಯುವ ರೀತಿಯಲ್ಲಿ ಹುಡುಕಬೇಕು. 90ರಿಂದ 97 ಬಂದರೆ ಸಂಶಯ, ಮತ್ತೆ ಪರೀಕ್ಷೆ. 90ಕ್ಕಿಂತ ಕಡಿಮೆಯಾದರೆ ಪ್ರತಿರೋಧ ಖಚಿತ. ಆಗ ಐದು ಪಟ್ಟು, ಹತ್ತು ಪಟ್ಟು ಮದ್ದಿನ ಕಾಗದದಿಂದ ಅದರ ತೀವ್ರತೆ ಅಳೆಯುತ್ತಾರೆ. ಇನ್ನೊಂದು ಗುಂಪಿಗೆ ಮೊದಲು ಪಿಬಿಒ ಎಂಬ ರಾಸಾಯನಿಕ ತಾಗಿಸುತ್ತಾರೆ. ಇದು ಮದ್ದನ್ನು ಒಡೆದುಹಾಕುವ ಕಿಣ್ವಗಳನ್ನು ತಡೆಯುತ್ತದೆ. ಪಿಬಿಒ ಸೇರಿದಾಗ ಸಾವು ಏರಿದರೆ ಸೊಳ್ಳೆ ಮದ್ದನ್ನು ಕಿಣ್ವದಿಂದ ಅರಗಿಸಿಕೊಳ್ಳುತ್ತಿದೆ ಎಂದರ್ಥ. ಏರದಿದ್ದರೆ ನರದಲ್ಲಿ ಮದ್ದು ಕೂರುವ ಜಾಗವೇ ಬದಲಾಗಿರಬಹುದು. ಅದನ್ನು ಡಿಎನ್‌ಎ ಪರೀಕ್ಷೆಯಿಂದ ನೋಡುತ್ತಾರೆ.

ಮದ್ದು ಬದಲಿಸುವವರಿಗೆ ಈ ಕೊನೆಯ ಹಂತವೇ ಮುಖ್ಯ. ಡಿಡಿಟಿ ಮತ್ತು ಡೆಲ್ಟಾಮೆಥ್ರಿನ್ ಬೇರೆ ಬೇರೆ ಗುಂಪಿನವಾದರೂ ಎರಡೂ ನರದ ಸೋಡಿಯಂ ದ್ವಾರದ ಮೇಲೇ ಎರಗುತ್ತವೆ. ಆ ಜಾಗ ಬದಲಾಗಿರುವ ಸೊಳ್ಳೆಗೆ ಒಂದನ್ನು ಬಿಟ್ಟು ಇನ್ನೊಂದನ್ನು ಹೊಡೆದರೆ ಪ್ರಯೋಜನವಿಲ್ಲ. ಮಲಾಥಿಯಾನ್ ದಾಳಿ ಮಾಡುವ ಜಾಗ ಬೇರೆ. ಆದರೆ ತೊಟ್ಟಿಗೆ ಹಾಕುವ ಟೆಮೆಫಾಸ್ ಕೂಡ ಮಲಾಥಿಯಾನ್ ಗುಂಪಿನದೇ, ಹಾಗಾಗಿ ಲಾರ್ವಾಗಳನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಹೊಸ ಡಬ್ಬಿ ತರಿಸುವ ಮುನ್ನ ಅದರ ಮೇಲಿನ ಹೆಸರಿಗಿಂತ, ಒಳಗಿನ ಮದ್ದು ಯಾವ ಗುಂಪಿನದು ಎಂದು ನೋಡಿಕೊಳ್ಳಬೇಕು.