ಬೂಷ್ಟನ್ನು ತಿನ್ನುವ ಬೂಷ್ಟು: ನಂಬಿಕೆಯೆಷ್ಟು, ನಿಜವೆಷ್ಟು

ಬೂಷ್ಟು ಹಿಡಿದರೆ ಬೆಳೆ ಹೋಯಿತೆಂದೇ ಬಹಳ ಜನರ ಲೆಕ್ಕ. ಆದರೆ ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲೂ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯಲ್ಲೂ ವಿಜ್ಞಾನಿಗಳು ಬೆಳೆ ಉಳಿಸಲೆಂದೇ ಒಂದು ಬೂಷ್ಟನ್ನು ಸಾಕಿ ಅಭ್ಯಾಸ ಮಾಡಿದ್ದಾರೆ. ನಮ್ಮ ಕಾಳುಮೆಣಸು, ಶುಂಠಿ ಬೆಳೆಗಾರರಿಗೂ ಗೊತ್ತಿರುವ ಟ್ರೈಕೋಡರ್ಮಾ ಅದು. ಬದನೆ, ಟೊಮೆಟೊ ಸಸಿಗಳನ್ನು ಬುಡದಲ್ಲೇ ಕೊಳೆಸುವ ರೈಜೋಕ್ಟೋನಿಯಾ ಎಂಬ ಇನ್ನೊಂದು ಬೂಷ್ಟಿನ ಎಳೆಗಳಿಗೆ ಸುತ್ತಿಕೊಂಡು ಅದನ್ನೇ ಉಣ್ಣುತ್ತದೆ. ವೈಂಡ್ಲಿಂಗ್ ಎಂಬ ವಿಜ್ಞಾನಿ ಇದನ್ನು 1932ರಲ್ಲೇ ವರದಿ ಮಾಡಿದ್ದರು.

ಸುತ್ತಿಕೊಂಡು ಉಸಿರುಗಟ್ಟಿಸುತ್ತದೆ ಎಂಬ ವಿವರಣೆ ಸಾಲದು. ಟ್ರೈಕೋಡರ್ಮಾದ ಕಿಣ್ವಗಳು ಎದುರಾಳಿಯ ಕೋಶಗೋಡೆಯನ್ನು ಕರಗಿಸುತ್ತವೆ. ಒಳಗಿನ ಪೊರೆಯ ಮೇಲೆ ಪೆಪ್ಟೈಬಾಲ್ ಎಂಬ ಕಿರು ಪೆಪ್ಟೈಡ್‌ಗಳು ಎರಗುತ್ತವೆ. ಇವುಗಳಲ್ಲಿ ಹೆಸರಾಂತದ್ದು 1967ರಲ್ಲಿ ವರದಿಯಾದ ಅಲಮೆಥಿಸಿನ್. ಇಪ್ಪತ್ತೇ ಕೊಂಡಿಗಳ ಸರಪಳಿ. ಅದರಲ್ಲಿ ನಮ್ಮ ದೇಹದ ಪ್ರೋಟೀನುಗಳಲ್ಲಿ ಕಾಣದ ಒಂದು ಅಮೈನೋ ಆಮ್ಲ ಮತ್ತೆ ಮತ್ತೆ ಬರುತ್ತದೆ. ಇಂಥ ಹಲವು ಅಣುಗಳು ಪೊರೆಯೊಳಗೆ ಒತ್ತೊತ್ತಾಗಿ ನಿಂತರೆ ನಡುವೆ ರಂಧ್ರವಾಗುತ್ತದೆ. ಅಲ್ಲಿಂದ ಲವಣದ ಅಯಾನುಗಳು ಸೋರಿ ಕೋಶ ಸಾಯುತ್ತದೆ. ಎಷ್ಟು ಅಚ್ಚುಕಟ್ಟಾದ ಬೇಟೆ!

ಹಾಗಾದರೆ ಪೆನಿಸಿಲಿನ್‌ನಂತೆ ಅಲಮೆಥಿಸಿನ್ನನ್ನೂ ಮಾತ್ರೆಯಾಗಿ ನುಂಗಬಹುದಲ್ಲವೇ? ನನಗೆ ಅತಿ ಅಪಾಯಕರವೆನಿಸುವ ನಂಬಿಕೆ ಇದೇ. ಪೆನಿಸಿಲಿನ್ ಕೆಡಿಸುವುದು ಬ್ಯಾಕ್ಟೀರಿಯಾದ ಕೋಶಗೋಡೆಯನ್ನು; ಅಂಥ ಗೋಡೆ ನಮ್ಮ ಕೋಶಗಳಿಗಿಲ್ಲ. ಪೆಪ್ಟೈಬಾಲ್ ತೂತು ಮಾಡುವುದು ಪೊರೆಯನ್ನು, ಪೊರೆ ನಮಗೂ ಇದೆ. ಅಲಮೆಥಿಸಿನ್ ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯಬಲ್ಲದು. ಅದಕ್ಕೇ ಅದು ಔಷಧದಂಗಡಿಗೆ ಬರಲಿಲ್ಲ; ಅಯಾನು ನಾಲೆಗಳನ್ನು ಅರಿಯುವ ಪ್ರಯೋಗಾಲಯಗಳಲ್ಲಿ ಮಾತ್ರ ದೊಡ್ಡ ಉಪಕಾರಿಯಾಯಿತು.

ಟ್ರೈಕೋಡರ್ಮಾ ಎಲ್ಲರ ಮಿತ್ರನೂ ಅಲ್ಲ. ಬಟನ್ ಅಣಬೆ ಬೆಳೆಯುವವರಿಗೆ ಇದೇ ಕುಲದ ಹಸಿರು ಬೂಷ್ಟು ದೊಡ್ಡ ಪಿಡುಗು. ಅಣಬೆಯೂ ಶಿಲೀಂಧ್ರವೇ ತಾನೆ.

ಪುಡಿಯಾಗಿ ಮಾರುವ ಟ್ರೈಕೋಡರ್ಮಾದ ಬಗ್ಗೆ ‘ಜೈವಿಕ ಪುಡಿ, ಯಾವುದರ ಜೊತೆಗೂ ಬೆರೆಸಬಹುದು’ ಎಂಬ ಮಾತೂ ತಪ್ಪು. ಪೊಟ್ಟಣದಲ್ಲಿರುವುದು ಜೀವಂತ ಬೀಜಕಣಗಳು. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕದ ಜೊತೆ ಬೆರೆಸಿದರೆ ರೋಗಕಾರಕದೊಂದಿಗೆ ಇದೂ ಸಾಯುತ್ತದೆ. ಬಿಸಿಲಲ್ಲಿಟ್ಟ, ಅವಧಿ ಮೀರಿದ ಪುಡಿ ಬರಿಯ ಧೂಳು. ಸಸಿ ನಾಟಿಗೆ ಎರಡು ವಾರ ಮೊದಲು, ತಾಜಾ ಪುಡಿಯನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಇಟ್ಟರೆ ಗೊಬ್ಬರದ ತುಂಬ ಅದರ ಎಳೆಗಳು ಹಬ್ಬುತ್ತವೆ. ಆಮೇಲೆ ಆ ಗೊಬ್ಬರವನ್ನು ಮಡಿಗೆ ಹಾಕಬೇಕು.