ಎಮಿಲಿಗೆ ಮನ್ನಾ ಆಗದ ಬಾಕಿ

ವಿಲಿಯಂ ಫಾಕ್ನರ್ 1930ರಲ್ಲಿ ಪ್ರಕಟಿಸಿದ ‘ಎ ರೋಸ್ ಫಾರ್ ಎಮಿಲಿ’ ಎಂಬ ಸಣ್ಣಕಥೆಯನ್ನು ಬಹುಮಂದಿ ನಡುಕ ಹುಟ್ಟಿಸುವ ಪ್ರೇಮಕಥೆಯೆಂದು ನೆನೆಯುತ್ತಾರೆ. ಸರ್ಕಾರಿ ಕಡತಗಳ ನಡುವೆ ಸೇವಾವಧಿ ಸವೆಸಿದ ನನ್ನಂಥವರ ಕಣ್ಣಿಗೆ ಮೊದಲು ಬೀಳುವುದು ಅದರಲ್ಲಿನ ಒಂದು ತೆರಿಗೆ ವಿನಾಯಿತಿ. ಆ ಪ್ರೇಮದ ದುರಂತಕ್ಕೂ ಈ ವಿನಾಯಿತಿಗೂ ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯ.

ಕಥೆ ನಡೆಯುವುದು ಅಮೆರಿಕದ ದಕ್ಷಿಣ ಭಾಗದಲ್ಲಿ, ಮಿಸಿಸಿಪ್ಪಿ ರಾಜ್ಯದ ಜೆಫರ್ಸನ್ ಎಂಬ ಕಲ್ಪಿತ ಪಟ್ಟಣದಲ್ಲಿ. 1865ರಲ್ಲಿ ಅಂತರ್ಯುದ್ಧ ಮುಗಿದಾಗ, ಗುಲಾಮರ ದುಡಿಮೆಯ ಮೇಲೆ ನಿಂತಿದ್ದ ಹತ್ತಿಯ ಸಿರಿವಂತಿಕೆ ಕುಸಿಯಿತು. ಮನೆತನದ ಹಮ್ಮು ಉಳಿಯಿತು. ಎಮಿಲಿ ಗ್ರಿಯರ್ಸನ್ ಅಂಥ ಮನೆತನದ ಮಗಳು. ಅವಳನ್ನು ಬಯಸಿ ಬಂದ ತರುಣರನ್ನೆಲ್ಲ ತಂದೆ ಹೊರಗಟ್ಟಿದ್ದನು. ಆತ ಸತ್ತಾಗ ಅವಳ ಪಾಲಿಗೆ ಉಳಿದದ್ದು ಮನೆಯೊಂದೇ.

1894ರಲ್ಲಿ ಮೇಯರ್ ಕರ್ನಲ್ ಸಾರ್ಟೋರಿಸ್ ಅವಳ ತೆರಿಗೆಯನ್ನು ಶಾಶ್ವತವಾಗಿ ಮನ್ನಾ ಮಾಡುತ್ತಾನೆ. ದಾನವೆಂದರೆ ಅವಳು ಸ್ವೀಕರಿಸಳು. ಅದಕ್ಕಾಗಿ, ಅವಳ ತಂದೆ ಊರಿಗೆ ಸಾಲ ಕೊಟ್ಟಿದ್ದನೆಂಬ ಕಟ್ಟುಕಥೆ ಹುಟ್ಟುತ್ತದೆ. ಕಪ್ಪುವರ್ಣೀಯ ಮಹಿಳೆಯರು ಏಪ್ರನ್ ಕಟ್ಟಿಕೊಳ್ಳದೆ ಬೀದಿಗೆ ಬರಕೂಡದೆಂಬ ಆಜ್ಞೆಯೂ ಇದೇ ಮೇಯರನದು. ಒಬ್ಬಳಿಗೆ ಉಪಕಾರ, ಇನ್ನೊಬ್ಬಳಿಗೆ ಅವಮಾನ. ಎರಡರ ಹಿಂದಿರುವುದೂ ಹೆಣ್ಣು ತನಗೆ ಗೊತ್ತುಪಡಿಸಿದ ಜಾಗದಲ್ಲೇ ಇರಬೇಕೆಂಬ ಕಟ್ಟಳೆ.

ತಂದೆ ಸತ್ತ ನಂತರದ ಬೇಸಿಗೆಯಲ್ಲಿ, ಪಾದಚಾರಿ ಮಾರ್ಗ ನಿರ್ಮಿಸುವ ಕೆಲಸದ ಮೇಸ್ತ್ರಿಯಾಗಿ ಹೋಮರ್ ಬ್ಯಾರನ್ ಬರುತ್ತಾನೆ. ಅವನು ಉತ್ತರದವನು, ಎಂದರೆ ಯುದ್ಧದಲ್ಲಿ ಗೆದ್ದವರ ಕಡೆಯವನು. ಮೇಲಾಗಿ ದುಡಿದು ತಿನ್ನುವವನು. ಭಾನುವಾರ ಇಬ್ಬರೂ ಕುದುರೆಗಾಡಿಯಲ್ಲಿ ತಿರುಗಾಡುವುದನ್ನು ಕಂಡು ಊರು ಕುದಿಯುತ್ತದೆ. ಪಾದ್ರಿಯನ್ನು ಬುದ್ಧಿ ಹೇಳಲು ಕಳಿಸಲಾಗುತ್ತದೆ. ಪಾದ್ರಿಯ ಪತ್ನಿ ಅಲಬಾಮದ ನೆಂಟರಿಗೆ ಕಾಗದ ಬರೆಯುತ್ತಾಳೆ. ಕೊನೆಗೆ, ಮದುವೆಯಾದರೂ ಆಗಿಬಿಡಲಿ ಎಂದು ಅದೇ ಊರು ಹಾರೈಸುತ್ತದೆ. ಹೋಮರನಾದರೋ ತಾನು ಮದುವೆಯಾಗುವ ಆಸಾಮಿಯಲ್ಲವೆಂದು ಹೇಳಿಕೊಂಡವನು.

ಎಮಿಲಿ ಪಾಷಾಣ ಕೊಳ್ಳುತ್ತಾಳೆ. ಯಾತಕ್ಕೆಂದು ತಿಳಿಸಬೇಕೆಂಬುದು ಕಾನೂನು. ಔಷಧದಂಗಡಿಯವನು ಅವಳ ದಿಟ್ಟನೋಟಕ್ಕೆ ಸೋತು, ಇಲಿಗಳಿಗೆಂದು ತಾನೇ ಬರೆದುಕೊಡುತ್ತಾನೆ. ಹೋಮರ್ ಕಣ್ಮರೆಯಾಗುತ್ತಾನೆ. ಮನೆಯಿಂದ ದುರ್ವಾಸನೆ ಬಂದಾಗ, ಕುಲೀನ ಮಹಿಳೆಗೆ ಅದನ್ನು ಹೇಗೆ ಹೇಳುವುದೆಂದು ನಾಚಿ, ನಾಲ್ವರು ರಾತ್ರಿಯಲ್ಲಿ ಕಳ್ಳರಂತೆ ಬಂದು ಸುಣ್ಣ ಚೆಲ್ಲುತ್ತಾರೆ. ಅವಳು ಎಪ್ಪತ್ನಾಲ್ಕರಲ್ಲಿ ಸತ್ತ ಮೇಲೆಯೇ ಆ ಕೋಣೆಯ ಬಾಗಿಲು ಒಡೆಯುವುದು, ಮಂಚದ ಮೇಲಿನ ಅಸ್ಥಿಪಂಜರ ಕಾಣುವುದು.

ಕೊಲೆಯ ಹೊಣೆ ಎಮಿಲಿಯದೇ. ಆದರೆ ಊರಿನ ಲೆಕ್ಕವನ್ನೂ ನೋಡಬೇಕು. ಪ್ರೇಮ ವಿಫಲವಾಗುವುದು ಲೋಕದಲ್ಲಿ ಹೊಸದಲ್ಲ. ಸಾಮಾನ್ಯ ಹೆಣ್ಣು ಅತ್ತು, ಮರೆತು, ಬೇರೆ ದಾರಿ ಹಿಡಿಯುತ್ತಾಳೆ. ಎಮಿಲಿಗೆ ಆ ಸೌಲಭ್ಯವಿರಲಿಲ್ಲ. ಊರು ತನ್ನ ಕಳೆದುಹೋದ ಘನತೆಯನ್ನು ಅವಳಲ್ಲಿ ಠೇವಣಿಯಿಟ್ಟಿತ್ತು. ಕೈಬಿಡಲ್ಪಟ್ಟವಳಾಗಿ ಅವಳು ಬೀದಿಯಲ್ಲಿ ನಡೆಯುವಂತಿರಲಿಲ್ಲ.

ಆಸ್ತಿಯ ಹಕ್ಕೊಂದೇ ಇದಕ್ಕೆ ಪರಿಹಾರವಾಗಲಾರದು. ವಿವಾಹಿತ ಸ್ತ್ರೀಯರು ಸ್ವಂತ ಹೆಸರಿನಲ್ಲಿ ಆಸ್ತಿ ಹೊಂದಬಹುದೆಂದು ಮಿಸಿಸಿಪ್ಪಿ 1839ರಷ್ಟು ಹಿಂದೆಯೇ ಕಾಯಿದೆ ಮಾಡಿತ್ತು. ಗುಲಾಮರೂ ಆ ಆಸ್ತಿಯಲ್ಲಿ ಸೇರಿದ್ದರೆಂಬುದು ಅದರ ಕಳಂಕ. ಎಮಿಲಿಗೆ ಮನೆಯಿತ್ತು. ಗೌರವಸ್ಥರ ಮಗಳಿಗೆ ಒಪ್ಪುವ ಸಂಪಾದನೆಯೆಂದರೆ, ಪಿಂಗಾಣಿಯ ಮೇಲೆ ಚಿತ್ರ ಬಿಡಿಸುವುದನ್ನು ಕೆಲಕಾಲ ಕಲಿಸಿದ್ದಷ್ಟೇ.

ಹೊಸ ತಲೆಮಾರಿನ ಅಧಿಕಾರಿಗಳು ತೆರಿಗೆ ಕೇಳಲು ಬಂದಾಗ, ಕರ್ನಲ್ ಸಾರ್ಟೋರಿಸನನ್ನು ವಿಚಾರಿಸಿರೆಂದು ಅವಳು ಸಾಗಹಾಕುತ್ತಾಳೆ. ಆತ ಸತ್ತು ಹತ್ತಿರ ಹತ್ತು ವರ್ಷವಾಗಿತ್ತು. ಊರು ಅವಳಿಂದ ತೆರಿಗೆ ವಸೂಲು ಮಾಡಿ, ಅದನ್ನು ತೆರುವಷ್ಟು ದುಡಿಯಲು ಬಿಟ್ಟಿದ್ದರೆ, ಅವಳು ಹತ್ತು ಜನರ ನಡುವೆ ಓಡಾಡುತ್ತಿದ್ದಳು. ಹೋಮರನಂಥವನೊಬ್ಬ ಬಂದು ಹೋಗುವುದನ್ನು ತಾಳಿಕೊಳ್ಳುವ ಶಕ್ತಿಯೂ ಬರುತ್ತಿತ್ತೇನೋ.