ಕಾಮೂ ಹೇಳಿದ ಬಂಡಾಯ

ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಆಲ್ಬೆರ್ ಕಾಮೂ ಎಂಬ ಹೆಸರನ್ನು ಮನೆಗೆ ತರುತ್ತಾರೆ. ‘ದೇವರನ್ನು ನಂಬದವರ ಮಾತು ನಮಗೇಕೆ?’ ಎಂದು ಬಾಯಿ ಮುಚ್ಚಿಸುವ ಮೊದಲು, ಅವರು ಹೇಳಿದ್ದೇನೆಂದು ತಿಳಿಯೋಣ.

ಕಾಮೂ 1913ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ ಹುಟ್ಟಿದರು. ವರ್ಷ ತುಂಬುವ ಮೊದಲೇ ತಂದೆ ಯುದ್ಧದಲ್ಲಿ ತೀರಿಕೊಂಡರು. ಓದು ಬಾರದ ತಾಯಿ ಮನೆಗೆಲಸ ಮಾಡಿ ಸಂಸಾರ ಸಾಗಿಸಿದರು. ಹದಿಹರೆಯದಲ್ಲೇ ಅವರಿಗೆ ಕ್ಷಯ ತಗುಲಿತು.

1942ರಲ್ಲಿ ಸಿಸಿಫಸ್ ಕುರಿತ ಪುಸ್ತಕ ಪ್ರಕಟಿಸಿದರು. ಮನುಷ್ಯ ‘ಏಕೆ?’ ಎಂದು ಕೇಳುತ್ತಾನೆ, ಜಗತ್ತು ಉತ್ತರಿಸುವುದಿಲ್ಲ. ಈ ಮುಖಾಮುಖಿಯನ್ನೇ ಅವರು ಅಸಂಗತ ಎಂದರು. ಹಾಗಾದರೆ ಸಾಯುವುದೇ ಮೇಲೇ? ಖಂಡಿತ ಅಲ್ಲ ಎಂಬುದು ಅವರ ಉತ್ತರ. ಉತ್ತರ ಸಿಗದಿದ್ದರೂ ಕಣ್ಣು ತೆರೆದು ಬದುಕುವುದೇ ಬಂಡಾಯ. ಅವರ ಹೆಸರು ಹೇಳಿ ಹತಾಶರಾಗುವ ಯುವಕರು ಇದನ್ನು ಗಮನಿಸಬೇಕು.

1951ರ ‘ಬಂಡಾಯಗಾರ’ ಗ್ರಂಥದಲ್ಲಿ ಒಬ್ಬ ಗುಲಾಮ ಬರುತ್ತಾನೆ. ಒಂದು ದಿನ ಅವನು ‘ಇನ್ನು ಸಾಕು’ ಎನ್ನುತ್ತಾನೆ. ಹಾಗೆ ಹೇಳುವಾಗ, ಯಾರೂ ಮುಟ್ಟಬಾರದ ಘನತೆಯೊಂದು ತನ್ನಲ್ಲಿದೆ ಎಂದು ಸಾರುತ್ತಾನೆ. ಆ ಘನತೆ ಅವನೊಬ್ಬನದಲ್ಲ, ಎಲ್ಲರದು. ಆದ್ದರಿಂದ ಬಂಡಾಯಕ್ಕೂ ಮೇರೆಯಿದೆ. ನ್ಯಾಯದ ಹೆಸರಿನಲ್ಲಿ ಕೊಲೆಯನ್ನು ಸಮರ್ಥಿಸಿದರೆ ಅದು ತನ್ನ ಬುಡವನ್ನೇ ಕಡಿದುಕೊಳ್ಳುತ್ತದೆ.

ಪ್ರವಚನ ನೀಡುವ ನಮಗೆ 1947ರ ‘ಪ್ಲೇಗ್’ ಕಾದಂಬರಿ ಮುಖ್ಯ. ಓರಾನ್ ನಗರದಲ್ಲಿ ರೋಗ ಹಬ್ಬುತ್ತದೆ. ‘ಇದು ನೀವು ಬೇಡಿಕೊಂಡ ಶಿಕ್ಷೆ’ ಎಂಬ ಧಾಟಿಯಲ್ಲಿ ಪಾದ್ರಿ ಪಾನ್ಲೂ ಜನರನ್ನು ಗದರಿಸುತ್ತಾರೆ. ಮುಂದೆ ರೋಗಿಗಳ ಸೇವೆಗೆ ಇಳಿದು, ಮಗುವೊಂದು ನರಳಿ ಸಾಯುವುದನ್ನು ಕಣ್ಣಾರೆ ಕಾಣುತ್ತಾರೆ. ಎರಡನೆಯ ಪ್ರವಚನದಲ್ಲಿ ‘ನೀವು’ ಹೋಗಿ ‘ನಾವು’ ಬರುತ್ತದೆ. ಅವರ ವಿಶ್ವಾಸ ಅಳಿಯುವುದಿಲ್ಲ. ಜನರಿಂದ ದೂರ ನಿಂತು ತೀರ್ಪು ಕೊಡುವುದು ನಿಲ್ಲುತ್ತದೆ.

ಕಾಮೂ ಅವರೊಂದಿಗೆ ನಮ್ಮ ಭಿನ್ನಾಭಿಪ್ರಾಯ ಸಣ್ಣದಲ್ಲ. ವಿಶ್ವಾಸದತ್ತ ಜಿಗಿಯುವುದನ್ನು ಅವರು ಪಲಾಯನವೆಂದರು. ಈ ಸೃಷ್ಟಿ ವ್ಯರ್ಥವಲ್ಲ, ಲೆಕ್ಕ ಕೇಳುವ ದಿನವಿದೆ ಎಂಬುದು ನಮ್ಮ ಈಮಾನ್. ಆದರೆ ಈಮಾನ್ ಇದ್ದವರ ಮನೆಗೂ ಸಾವು ಬರುತ್ತದೆ, ‘ಏಕೆ?’ ಎಂಬ ಅಳುವೂ ಬರುತ್ತದೆ. ಮಗನನ್ನು ಕಳೆದುಕೊಂಡ ಯಾಕೂಬ್ ಪ್ರವಾದಿಯವರು (ಅ) ಅತ್ತು ಅತ್ತು ಕಣ್ಣು ಬೆಳ್ಳಗಾದವು. ಆ ಕಣ್ಣೀರು ಅವರ ಸಬ್ರನ್ನು ಕೆಡಿಸಲಿಲ್ಲ.

ಆದ್ದರಿಂದ ದುಃಖದ ಮನೆಗೆ ಹೋದಾಗ ‘ಅಲ್ಲಾಹನ ಪರೀಕ್ಷೆ’ ಎಂದು ಹೇಳಿ ಎದ್ದು ಬರುವುದು ಬೇಡ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರೋಣ. ‘ಬದುಕಿ ಏನು ಪ್ರಯೋಜನ?’ ಎಂದು ಮಗ ಅಥವಾ ಮಗಳು ಕೇಳಿದರೆ, ಫತ್ವಾ ಹುಡುಕುವ ಮೊದಲು ಆ ಮಗುವಿನ ಮಾತನ್ನು ಕೊನೆಯವರೆಗೂ ಕೇಳೋಣ.